ಎರಡು ಚಕಾರ ಹೊತ್ತು ರಿಡ್ಜ್‌ವುಡ್‌ಗೆ

ಡಿಸೆಂಬರ್ ಹತ್ತೊಂಬತ್ತರ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಸಮರ್‌ಸೆಟ್ಟಿನ ನಮ್ಮ ಮನೆಯಿಂದ ಹೊರಟೆ. ಕೈಯಲ್ಲಿ ಒಂದು ಡಬ್ಬಿ ಎಳ್ಳುಂಡೆ, ಜೇಬಿನ ಫೋನಿನಲ್ಲಿ ಇಪ್ಪತ್ತು ಸೆಕೆಂಡಿನ ಒಂದು ಧ್ವನಿಮುದ್ರಣ. ಹೋಗಬೇಕಾಗಿದ್ದದ್ದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ರಿಡ್ಜ್‌ವುಡ್‌ಗೆ, ನನ್ನ ಹಳೆಯ ಸಹೋದ್ಯೋಗಿಯೊಬ್ಬನ ಮನೆಯ ಹಬ್ಬಕ್ಕೆ. ಅವನು ನನ್ನನ್ನು ಕರೆದಿರಲಿಲ್ಲ. ಅರವತ್ತಮೂರು ವರ್ಷದ ಬಾಳಿನಲ್ಲಿ ಕರೆಯದ ಮನೆಗೆ ಊಟದ ಹೊತ್ತಿಗೆ ಹೊರಟದ್ದು ಇದೇ ಮೊದಲು.

ಹಿಂದಿನ ದಿನವೆಲ್ಲ ನನ್ನ ಹೆಂಡತಿ ಪದ್ಮ ಗೊಣಗಿದ್ದಳು. "ಅಲ್ಲಾ ರೀ, ಹಬ್ಬದ ಮನೆಗೆ ತುಪ್ಪ ಇಲ್ದೆ ಏನ್ ಸ್ವೀಟ್ ಮಾಡೋದು?" ಆ ಜನಕ್ಕೆ ಅದು ಉಪವಾಸದ ಕಾಲ, ಹಾಲು, ತುಪ್ಪ, ಮೊಟ್ಟೆ, ಮಾಂಸ ಯಾವುದೂ ನಡೆಯುವುದಿಲ್ಲ, ಮೀನು ಮಾತ್ರ ಆಗುತ್ತದೆ ಎಂದು ವಿವರಿಸಿದ ಮೇಲೆ ಎಳ್ಳು ಹುರಿಯಲು ಕೂತಳು. ನ್ಯೂ ಬ್ರನ್ಸ್‌ವಿಕ್ ಸ್ಟೇಷನ್ನಿಗೆ ಡ್ರೈವ್ ಮಾಡಿಕೊಂಡು ಬಂದವಳೂ ಅವಳೇ. ಕಾರಿನಿಂದ ಇಳಿಯುವಾಗ ಹೇಳಿದಳು: "ಒಂದು ಫೋನ್ ಆದ್ರೂ ಮಾಡ್ಬಿಟ್ಟು ಹೋಗಿ. ಅವ್ರು ಬಾಗಿಲು ತೆಗೆದು, ಯಾಕೆ ಬಂದ್ರಿ, ಏನಾಯ್ತು ಅಂದ್ರೆ ಏನ್ ಹೇಳ್ತೀರಿ?"

ನನಗೆ ಚುಚ್ಚಿದಂತಾಯಿತು. ಅದೇ ಮಾತನ್ನು ಹತ್ತು ವರ್ಷಗಳ ಹಿಂದೆ ನಮ್ಮ ಬಾಗಿಲಲ್ಲಿ ನಾನು ಅವನಿಗೆ ಕೇಳಿದ್ದೆ. ಅದು ಅವಳಿಗೆ ಮರೆತಿತ್ತು.

ಹೊರಗೆ ಮಳೆ, ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಛತ್ರಿಯನ್ನು ಒಳಮಗ್ಗುಲು ಮಾಡುವ ಗಾಳಿ. ಹಿರಿಯರ ರಿಯಾಯಿತಿಯಲ್ಲಿ ಪೆನ್ ಸ್ಟೇಷನ್ನಿಗೆ ಟಿಕೆಟ್ ಎಂಟು ಡಾಲರಿನ ಆಸುಪಾಸು. ಹತ್ತು ಗಂಟೆ ಹನ್ನೆರಡು ನಿಮಿಷದ ರೈಲು ಒಂಬತ್ತು ನಿಮಿಷ ತಡವಾಗಿ ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಧ್ವನಿಮುದ್ರಣ ಹಾಕಿಕೊಂಡೆ.

ನಾನು ಹೊರಟಿದ್ದ ಮನೆಯ ಯಜಮಾನ ಯಾರೆಂದು ಇಲ್ಲಿ ಹೇಳಿಬಿಡಬೇಕು. ಅವನ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆದರೆ ಹೆಚ್ಚುಕಡಿಮೆ ಸೃಜನ್ ಎಂದಾಗುತ್ತದೆ. ಡ್ಯಾನ್ಯೂಬ್ ನದಿಯ ದಂಡೆಯಲ್ಲಿರುವ ನೊವಿ ಸಾದ್ ಎಂಬ ಊರಿನವನು. ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ನಾವಿಬ್ಬರೂ ಗುಳಿಗೆಗಳ ಶುದ್ಧತೆ ಪರೀಕ್ಷಿಸುವ ಕೆಲಸದಲ್ಲಿದ್ದೆವು. ಅವನ ಮನೆಯೂ ಆಗ ಸಮರ್‌ಸೆಟ್ಟಿನಲ್ಲೇ, ನಮ್ಮ ಮನೆಯಿಂದ ಹತ್ತು ನಿಮಿಷ. ಒಂದು ವಾರ ಅವನ ಕಾರು, ಒಂದು ವಾರ ನನ್ನ ಕಾರು, ಹೀಗೆ ಹನ್ನೊಂದು ವರ್ಷ ಒಟ್ಟಿಗೆ ಕಮ್ಯೂಟ್ ಮಾಡಿದೆವು. ಹೆಂಡತಿಯರ ಜೊತೆಗೂ ಅಷ್ಟು ಹೊತ್ತು ಎದುರುಬದುರಿಲ್ಲದೆ, ಮುಂದೆ ನೋಡಿಕೊಂಡು, ನೆಮ್ಮದಿಯಾಗಿ ಮಾತಾಡಿರಲಾರೆವು.

ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಸರ್ಜ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮೊದಲ ವಾರ ಅವನು ತಿದ್ದಿದ್ದ. ಹೆಸರಿನಲ್ಲಿ ಸಕಾರದ ನಂತರ ಯಾವ ಸ್ವರವೂ ಇಲ್ಲ, ರಕಾರವೇ ಸ್ವರ ಎಂದ. ಅದು ನಮ್ಮ ಋಕಾರ, ನಮಗೇನು ಹೊಸದಲ್ಲ ಎಂದು ಬೀಗಿ "ಸ್ರುಜನ್" ಎಂದೆ. "ಉ ಎಲ್ಲಿಂದ ಬಂತು?" ಎಂದು ನಕ್ಕ. ನಾವು ಋ ಎಂದು ಬರೆದು ರು ಎಂದು ಓದುತ್ತೇವೆ ಎಂದು ಒಪ್ಪಿಕೊಳ್ಳಬೇಕಾಯಿತು. "ಅಕ್ಷರ ಇಟ್ಟುಕೊಂಡು ಶಬ್ದವನ್ನು ಕಳೆದುಕೊಂಡಿದ್ದೀರಾ?" ಎಂದು ಅವನು ನಿಜವಾಗಿಯೇ ಕನಿಕರಪಟ್ಟ. ನನಗೆ ಸಣ್ಣಗೆ ಕೋಪ ಬಂತು. ಮಾರನೆಯ ದಿನದಿಂದ ಮತ್ತೆ ಸರ್ಜ್ ಎಂದೇ ಕರೆದೆ.

ಅವನ ಭಾಷೆಗೆ ಹೆಸರು ಹೇಳುವುದೇ ಕಷ್ಟ. ಪುಸ್ತಕಗಳಲ್ಲಿ ಸರ್ಬೋ-ಕ್ರೊಯೇಷಿಯನ್ ಎಂದಿರುತ್ತದೆ. ಅವನು ಹುಟ್ಟಿದ ದೇಶ ಯುದ್ಧದಲ್ಲಿ ಹಲವು ದೇಶಗಳಾಗಿ ಒಡೆದ ಮೇಲೆ ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟುಕೊಂಡರು. ಜಗಳ ಬೇಡದವರು "ನಾಶ್ಕಿ" ಎನ್ನುತ್ತಾರಂತೆ, ಅಂದರೆ "ನಮ್ಮದು". ಆ ನಮ್ಮದರಲ್ಲಿ ಚಕಾರ ಎರಡು. ಒಂದು ಗಡಸು, ನಾಲಿಗೆಯನ್ನು ಹಿಂದಕ್ಕೆಳೆದು ಹೇಳುವುದು. ಇನ್ನೊಂದು ಮೆದು, ನಾಲಿಗೆಯ ಮಧ್ಯಭಾಗವನ್ನು ಅಂಗುಳಕ್ಕೆ ಒತ್ತಿ ಬಿಡುವುದು. ನಮ್ಮ ಚಕಾರ ಎರಡರ ನಡುವೆ ನಿಲ್ಲುವುದರಿಂದ ನಾನು ಹೇಳಿದ್ದು ಎರಡೂ ತಪ್ಪಾಗುತ್ತಿತ್ತು. ಅದರ ಮೇಲೆ ರಾಗ. ಒತ್ತು ಬೀಳುವ ಅಕ್ಷರ ಏರಬೇಕು ಇಲ್ಲವೇ ಇಳಿಯಬೇಕು, ಮತ್ತೆ ಅದರಲ್ಲಿ ಗಿಡ್ಡ, ಉದ್ದ. ಒಟ್ಟು ನಾಲ್ಕು ಬಗೆ. ಅವನು ಸ್ಟಿಯರಿಂಗ್ ಮೇಲೆ ತೋರುಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದ. ನೀರಿಗೆ ವೊದ: ಬೆರಳು ಚುಟುಕಾಗಿ ಮೇಲೆ. ಕೈಗೆ ರೂಕ: ಬೆರಳು ನಿಧಾನವಾಗಿ ಮೇಲೆ.

ಒಂದು ಸಂಜೆ ಡೇ ರೋಡಿನಲ್ಲಿ ಆಲಿಕಲ್ಲು ಬಿತ್ತು. ಕಾರನ್ನು ಒಂದು ಗೋದಾಮಿನ ಮಾಡಿನ ಕೆಳಗೆ ನಿಲ್ಲಿಸಿಕೊಂಡು ಕೂತೆವು. ಅವರ ಭಾಷೆಯಲ್ಲಿ ಆಲಿಕಲ್ಲಿಗೂ ಊರಿಗೂ ಬರಹದಲ್ಲಿ ಒಂದೇ ಪದ, ಗ್ರದ್ ಎಂದು. ಆಲಿಕಲ್ಲಾದರೆ ಥಟ್ಟನೆ ಇಳಿಸಬೇಕು, ಊರಾದರೆ ಎಳೆದು ಇಳಿಸಬೇಕು. "ನೆನಪಿಟ್ಟುಕೊಳ್ಳುವುದು ಸುಲಭ," ಎಂದ. "ಆಲಿಕಲ್ಲು ಬೇಗ ಬೀಳುತ್ತದೆ. ಊರು ಬೀಳುವುದಕ್ಕೆ ಹೊತ್ತು ಬೇಕು. ನಾನು ಎರಡನ್ನೂ ನೋಡಿದ್ದೇನೆ." ಆಗ ನಾನು ಕೇಳಬೇಕಿತ್ತು, ಯಾವ ಊರು, ಏನಾಯಿತು ಎಂದು. ಕೇಳಲಿಲ್ಲ. ಬದಲಿಗೆ, ನಮ್ಮ ವೇದದಲ್ಲಿ ಉದಾತ್ತ ಅನುದಾತ್ತ ಎಂದು ಇದೆಲ್ಲ ಸಾವಿರಾರು ವರ್ಷಗಳಿಂದ ಇದೆ ಎಂದು ಮನೆ ಮುಟ್ಟುವವರೆಗೂ ಭಾಷಣ ಬಿಗಿದೆ. ಪಾಪ, ಅವನು ಪೂರ್ತಿ ಕೇಳಿದ.

ಅವನು ಮಾತ್ರ ನನ್ನ ಹೆಸರನ್ನು ಬಿಡಲಿಲ್ಲ. ನಾನು ಮುರಳಿ. ಅಮೆರಿಕದಲ್ಲಿ ನಾನು ಮುರಾಲಿ, ಮರೆಲಿ, ಒಬ್ಬ ಮೇಲಧಿಕಾರಿಗೆ ಬರೀ ಮರ್. ನನ್ನ ಮಗಳೇ ಳಕಾರಕ್ಕೆ ಲಕಾರ ಹಾಕುತ್ತಾಳೆ. ತಿದ್ದಿದರೆ "ಅಪ್ಪಾ, ಇಟ್ಸ್ ಫೈನ್" ಎನ್ನುತ್ತಾಳೆ. ಸೃಜನ್ ಮೂರು ವಾರ ರೂಟ್ ಒನ್ನಿನ ಟ್ರಾಫಿಕ್ಕಿನಲ್ಲಿ ನಾಲಿಗೆ ಮಡಿಸಿ ಮಡಿಸಿ ಳಕಾರ ಕಲಿತ. ಒಂದು ಬೆಳಿಗ್ಗೆ ನಮ್ಮ ಮನೆಯೆದುರು ಕಾರು ನಿಲ್ಲಿಸಿ, ಗಾಜು ಇಳಿಸಿ, "ಮುರಳಿ" ಎಂದು ಕೂಗಿದ. ಮೈಸೂರಿನ ನಮ್ಮ ಬೀದಿಯವರು ಕೂಗಿದ ಹಾಗಿತ್ತು.

ರೈಲು ಎಡಿಸನ್, ಮೆಟುಚೆನ್ ದಾಟುವ ಹೊತ್ತಿಗೆ ನಾನು ಮೆದು ಚಕಾರವನ್ನು ನಲವತ್ತು ಸಲವಾದರೂ ಹೇಳಿಕೊಂಡಿದ್ದೆ. ನಡುವೆ ಪದ್ಮಳ ಫೋನ್ ಬಂತು, ಮಫ್ಲರ್ ಕಾರಿನಲ್ಲೇ ಬಿಟ್ಟಿದ್ದೆನಂತೆ. ಅವಳೊಡನೆ ಮಾತಾಡಿ ಮತ್ತೆ ಅಂಗುಳಕ್ಕೆ ನಾಲಿಗೆ ಒತ್ತತೊಡಗಿದಾಗ ಎದುರಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿದರು. ಮೂವತ್ತೈದು ಇರಬಹುದು, ಕೊರಳಲ್ಲಿ ಆಫೀಸಿನ ಬ್ಯಾಡ್ಜು.

"ಅಂಕಲ್, ಎಂತ ಆಯ್ತು? ಹಲ್ಲು ನೋವಾ?"

ಮಂಗಳೂರಿನವರು, ಪ್ರಿನ್ಸ್‌ಟನ್ನಿನಿಂದ ಬರುತ್ತಿದ್ದರು, ನೂವರ್ಕಿನಲ್ಲಿ ಕೆಲಸ. ನಾನು ಸಂಕೋಚ ಬಿಟ್ಟು ಹೇಳಿದೆ. ನನ್ನ ಸ್ನೇಹಿತನ ಮನೆಯಲ್ಲಿ ಇವತ್ತು ಸ್ಲಾವ ಎಂಬ ಹಬ್ಬ. ಪ್ರತಿ ಮನೆತನಕ್ಕೂ ಒಬ್ಬ ಸಂತ ಇರುತ್ತಾನೆ, ನಮ್ಮ ಮನೆದೇವರ ಹಾಗೆ. ಇವನ ಮನೆಗೆ ಸಂತ ನಿಕೋಲಾಸ್. ಅದಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಕರೆದರೆ ಅವಮಾನ ಮಾಡಿದ ಹಾಗೆ. ಮನೆಯವರು ದಿನವಿಡೀ ಬಾಗಿಲು ತೆಗೆದಿಟ್ಟಿರುತ್ತಾರೆ, ಬೇಕಾದವರು ತಾವಾಗಿ ಬರುತ್ತಾರೆ. ಇದು ತಿಳಿಯದೆ ನಾನು ಹನ್ನೊಂದು ವರ್ಷ, ಕರೆಯಲಿ ಎಂದು ಕಾಯುತ್ತ ಕೂತಿದ್ದೆ.

"ಅಯ್ಯೋ," ಎಂದರು ಅವರು. "ನಮ್ಮ ಊರಲ್ಲಿ ಭೂತಕೋಲಕ್ಕೆ ಹಾಗೇ ಅಲ್ವಾ ಅಂಕಲ್? ಮನೆಗೆ ಬಂದು ಯಾರು ಕರೀತಾರೆ? ದಿನ ಗೊತ್ತಿದ್ರೆ ಆಯ್ತು, ಹೋಗುದೇ."

ನೂವರ್ಕಿನಲ್ಲಿ ಇಳಿಯುವಾಗ "ಆಲ್ ದ ಬೆಸ್ಟ್ ಅಂಕಲ್" ಎಂದು ನಕ್ಕು ಹೋದರು. ನನ್ನದೇ ನಾಡಿನಲ್ಲಿ ಮುನ್ನೂರು ಮೈಲಿಯೂ ದೂರವಿಲ್ಲದ ಕಡೆ ಇರುವ ರೀತಿ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಮದುವೆಗೋ ಉಪನಯನಕ್ಕೋ ಕರೆಯುವುದೆಂದರೆ ಗಂಡಹೆಂಡತಿ ಇಬ್ಬರೂ ಬಂದು, ಕುಂಕುಮ ಕೊಟ್ಟು, ಮಂತ್ರಾಕ್ಷತೆ ಕೊಟ್ಟು, "ಎರಡು ದಿನ ಮುಂಚೆನೇ ಬಂದ್ಬಿಡ್ಬೇಕು" ಎನ್ನಬೇಕು. ಕುಂಕುಮ ಹೆಂಡತಿಗೆ ಕೊಡದೆ ಗಂಡನ ಕೈಲಿ ಕಳಿಸಿದರು ಎಂದು ಹದಿನೈದು ವರ್ಷ ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಆ ಗತ್ತನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡೇ ಈ ದೇಶಕ್ಕೆ ಬಂದವನು ನಾನು.

ಮೊದಲ ವರ್ಷ ಕಾರಿನಲ್ಲಿ ಸೃಜನ್ ಹೇಳಿದ್ದಿಷ್ಟು: "ಹತ್ತೊಂಬತ್ತನೇ ತಾರೀಕು ನಮ್ಮ ಮನೆಯಲ್ಲಿ ಸ್ಲಾವ. ನಾನು ರಜಾ." ಬರಬೇಕು ಎಂದು ಒಂದು ಮಾತು ಸೇರಿಸುತ್ತಾನೇನೋ ಎಂದು ನೋಡಿದೆ. ಸೇರಿಸಲಿಲ್ಲ. ಆ ದಿನ ಒಬ್ಬನೇ ಡ್ರೈವ್ ಮಾಡಿಕೊಂಡು ಹೋದೆ. ಇಪ್ಪತ್ತನೇ ತಾರೀಕು ಅವನು ನನ್ನ ಮಡಿಲಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟ. ಒಳಗೆ ಬೇಯಿಸಿದ ಅವರೆಯಂಥ ಬಿಳಿ ಕಾಳು, ಆಲೂಗಡ್ಡೆ, ಆಕ್ರೋಟಿನ ಯಾವುದೋ ಸಿಹಿ. "ಮೀನು ಮುಟ್ಟಿಲ್ಲ," ಎಂದ. ಓಹೋ, ಹಬ್ಬಕ್ಕೆ ಕರೆಯದೆ, ಮುಗಿದ ಮೇಲೆ ಉಳಿದದ್ದು ನನಗೋ ಎಂದು ನನ್ನ ಮುಖ ಬಿಗಿಯಿತು. ಡಬ್ಬಿಯನ್ನು ಲ್ಯಾಬಿನ ಪ್ಯಾಂಟ್ರಿಯ ಮೇಜಿನ ಮೇಲೆ, ಯಾರಾದರೂ ತಿನ್ನಲಿ ಎಂದು ಇಟ್ಟೆ. ಪ್ರತಿ ವರ್ಷವೂ ಡಬ್ಬಿ ಬಂತು. ಪ್ರತಿ ವರ್ಷವೂ ಪ್ಯಾಂಟ್ರಿಗೆ ಹೋಯಿತು.

ನಾವೇನು ಕಡಿಮೆ ಎಂದು ನಾನು ಗಣೇಶನ ಹಬ್ಬಕ್ಕೆ ಅವನನ್ನು ಪದ್ಧತಿ ಪ್ರಕಾರ ಕರೆದೆ. ಗಂಡಹೆಂಡತಿ ಬಂದರು, ನೆಲದ ಮೇಲೆ ಕೂತು ಕಡುಬು ತಿಂದರು. ಮುಂದಿನ ವರ್ಷ ಮನೆಮಟ್ಟಿಗೆ ಮಾಡೋಣ ಎಂದು ಯಾರನ್ನೂ ಕರೆದಿರಲಿಲ್ಲ. ಮಧ್ಯಾಹ್ನ ಬಾಗಿಲ ಬೆಲ್ ಆಯಿತು. ಮಡಿಪಂಚೆಯಲ್ಲಿ ಹೋಗಿ ಬಾಗಿಲು ತೆಗೆದರೆ ಸೃಜನ್ ಕೋಟು ಹಾಕಿಕೊಂಡು, ಹಳದಿ ಸೇವಂತಿಗೆಯ ಒಂದು ಕುಂಡ ಹಿಡಿದು ನಿಂತಿದ್ದ. ಹಿಂದೆ ಅವನ ಹೆಂಡತಿ ವೆಸ್ನ. ನಾನು ಗಾಬರಿಯಿಂದ ಕೇಳಿದೆ: "ಏನಾಯ್ತು ಸರ್ಜ್? ಈಸ್ ಎವ್ರಿಥಿಂಗ್ ಓಕೆ?" ಅವನು ನನ್ನ ಪಂಚೆ ನೋಡಿದ, ಬಾಗಿಲ ಬಳಿ ನಮ್ಮ ಮನೆಯವರದಷ್ಟೇ ಚಪ್ಪಲಿ ಇರುವುದನ್ನು ನೋಡಿದ. "ಈ ಕಡೆ ಹೋಗುತ್ತಿದ್ದೆವು," ಎಂದು ಕುಂಡವನ್ನು ಕೈಗಿತ್ತು ಹಿಂದಿರುಗಿದ. ನಾನು ಒಳಗೆ ಬಂದು ಪದ್ಮಳಿಗೆ, ಈ ಜನಕ್ಕೆ ಬರುವ ಮುಂಚೆ ಒಂದು ಫೋನ್ ಮಾಡಬೇಕೆಂಬುದೂ ಗೊತ್ತಿಲ್ಲ ಎಂದೆ. ಒಂದು ಸಲ ಕರೆದದ್ದನ್ನು ಅವನು ಎಲ್ಲ ವರ್ಷಕ್ಕೂ ಎಂದು ತಿಳಿದಿದ್ದ. ಹೋಗಲಿ, ಒಳಗೆ ಬನ್ನಿ ಎಂದು ಒಂದು ಮಾತು ಆಡಬಹುದಿತ್ತಲ್ಲ, ಆ ಹೊತ್ತಿಗೆ ನನ್ನ ನಾಲಿಗೆಗೆ ಏನಾಗಿತ್ತೋ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸೋಮವಾರ ಎಂದಿನಂತೆ ಅವನು ಕಾರು ತಂದ. ಆ ವಿಷಯ ಎತ್ತಲಿಲ್ಲ. ಮೂರು ವರ್ಷದ ಹಿಂದೆ ನಾವಿಬ್ಬರೂ ನಿವೃತ್ತರಾದೆವು, ಅವನು ಮಗಳ ಮನೆಯ ಹತ್ತಿರ ಇರಬೇಕೆಂದು ರಿಡ್ಜ್‌ವುಡ್ ಸೇರಿದ. ಮಾರನೆಯ ವರ್ಷ ಗಂಟಲಿನ ಆಪರೇಷನ್ ಆಯಿತೆಂದು ಮೆಸೇಜ್ ಬಂತು. ನಾನು ಗೆಟ್ ವೆಲ್ ಸೂನ್ ಎಂದು ಕಳಿಸಿದೆ, ಕೈಮುಗಿದ ಎರಡು ಚಿತ್ರ ಹಾಕಿದೆ. ಆಮೇಲೆ ಬರೀ ಮೆಸೇಜುಗಳೇ.

ಈ ನವೆಂಬರಿನಲ್ಲಿ ನನ್ನ ಭುಜ ಹಿಡಿದುಕೊಂಡಿತು. ಸಮರ್‌ಸೆಟ್ಟಿನ ಫಿಸಿಯೋಥೆರಪಿಯಲ್ಲಿ ನನಗೆ ಸಿಕ್ಕವಳು ಯೆಲೆನ ಎಂಬ ಹುಡುಗಿ, ಅದೇ ದೇಶದವಳು. ಹತ್ತೊಂಬತ್ತಕ್ಕೆ ಅಪಾಯಿಂಟ್‌ಮೆಂಟ್ ಕೊಡಲಾರೆ, ಮನೆಯಲ್ಲಿ ಸ್ಲಾವ ಎಂದಳು. ಎಷ್ಟು ಜನರನ್ನು ಕರೆದಿದ್ದೀಯ ಎಂದು ಕೇಳಿದೆ. ಆಗಲೇ ನನಗೆ ಎಲ್ಲ ತಿಳಿದದ್ದು. ನನ್ನ ತೋಳನ್ನು ಮೇಲೆತ್ತಿ ಹಿಡಿದೇ ಅವಳು ವಿವರಿಸುತ್ತಿದ್ದಳು. ಕಣ್ಣಲ್ಲಿ ನೀರು ಬಂದದ್ದು ನೋವಿಗೆ ಎಂದುಕೊಂಡು ಸಾರಿ ಸಾರಿ ಎಂದಳು. ಮನೆಯವರಿಗೆ ಹೇಳಬೇಕಾದ ಶುಭಾಶಯವನ್ನು ಅವಳೇ ನನ್ನ ಫೋನಿಗೆ ಹೇಳಿಕೊಟ್ಟಳು: "ಸ್ರೆಚ್ನ ಸ್ಲಾವ, ಸೃಜನೆ." ಸ್ರೆ ಥಟ್ಟನೆ ಇಳಿಯಬೇಕು, ಚಕಾರ ಮೆದು. ಸ್ಲಾ ಕೂಡ ಹಾಗೇ ಥಟ್ಟನೆ ಇಳಿಯಬೇಕು. ಕರೆಯುವಾಗ ಹೆಸರಿನ ಕೊನೆಗೆ ಎಕಾರ ಬರುತ್ತದೆ, ನಮ್ಮ ಸಂಬೋಧನೆಯ ಹಾಗೇ. ಮೂರೇ ಪದ, ನಾಲ್ಕು ವಾರ ಅಭ್ಯಾಸ. ಇಷ್ಟನ್ನಾದರೂ ಸರಿಯಾಗಿ ಅವನೆದುರು ಹೇಳಬೇಕು, ಆ ಬಾಗಿಲಿನ ತಪ್ಪನ್ನು ಒಪ್ಪಿಕೊಳ್ಳಬೇಕು ಎಂಬುದೇ ಈ ಪ್ರಯಾಣದ ಉದ್ದೇಶ.

ಸಿಕಾಕಸ್ ಸಮೀಪದ ಜೌಗಿನಲ್ಲಿ ಜೊಂಡು ಗಾಳಿಗೆ ಮಲಗಿತ್ತು. ಹನ್ನೊಂದೂಕಾಲಿಗೆ ಪೆನ್ ಸ್ಟೇಷನ್. ಮಳೆಯಲ್ಲಿ ಮೂವತ್ತನಾಲ್ಕನೇ ಬೀದಿ ಹಿಡಿದು ಹೆರಾಲ್ಡ್ ಸ್ಕ್ವೇರಿನವರೆಗೆ ನಡೆದು, ಅಲ್ಲಿ ಎಂ ರೈಲು ಹತ್ತಿದೆ. ರೈಲು ನೆಲದಡಿಯಿಂದ ಹೊರಬಂದು ವಿಲಿಯಮ್ಸ್‌ಬರ್ಗ್ ಸೇತುವೆ ಏರಿದಾಗ ಕೆಳಗೆ ನದಿ ಬೂದಿಬಣ್ಣಕ್ಕಿತ್ತು. ಆಮೇಲೆ ಹಳಿ ಮನೆಗಳ ಎರಡನೇ ಮಹಡಿಯ ಎತ್ತರದಲ್ಲೇ ಓಡುತ್ತದೆ. ಯಾರದೋ ಅಡುಗೆಮನೆಯ ಕಿಟಕಿಯಲ್ಲಿ ಕುಕ್ಕರು ಕಂಡಿತು. ಇಲ್ಲಿ ನಾನು ಎಷ್ಟು ಗೊಣಗಿಕೊಂಡರೂ ಯಾರೂ ತಿರುಗಿ ನೋಡಲಿಲ್ಲ, ನನಗಿಂತ ಜೋರಾಗಿ ತಮ್ಮೊಳಗೆ ಮಾತಾಡಿಕೊಳ್ಳುವವರು ಇಬ್ಬರಿದ್ದರು.

ಸೆನೆಕ ಅವೆನ್ಯೂ ಸ್ಟೇಷನ್ನಿನಲ್ಲಿ ಇಳಿದಾಗ ಹನ್ನೆರಡೂವರೆ. ಸಾಲಾಗಿ ಅಂಟಿಕೊಂಡ ಹಳದಿ ಇಟ್ಟಿಗೆಯ ಮನೆಗಳು, ಒಂದರಂತೆ ಇನ್ನೊಂದು. ಒಂದು ಬೇಕರಿಯ ಮುಂದೆ ಇಬ್ಬರು ಮುದುಕರು ಛತ್ರಿ ಹಂಚಿಕೊಂಡು ಜಗಳವಾಡುತ್ತಿದ್ದರು. ಮಾತು ಒಂದೂ ತಿಳಿಯದಿದ್ದರೂ ಏರು ಇಳಿವು ಈಗ ನನಗೆ ಕೇಳಿಸುತ್ತಿತ್ತು. ಹನ್ನೊಂದು ವರ್ಷ ಪಕ್ಕದ ಸೀಟಿನಲ್ಲಿದ್ದಾಗ ಕೇಳದ ಕಿವಿ ಈಗ ತೆರೆದಿತ್ತು. ಅವನ ಮನೆಯ ಮೆಟ್ಟಿಲ ಬಳಿ ಮೂರು ಸಲ ಹಿಂದಕ್ಕೂ ಮುಂದಕ್ಕೂ ನಡೆದೆ. ಮೈಸೂರಿನ ಮರ್ಯಾದೆ ಕಾಲು ಹಿಡಿದೆಳೆಯುತ್ತಿತ್ತು. ಬಾಗಿಲು ಸ್ವಲ್ಪ ತೆರೆದೇ ಇತ್ತು, ಒಳಗೆ ಶೂಗಳ ರಾಶಿ.

ವೆಸ್ನ ನನ್ನನ್ನು ನೋಡಿದರು. ಯಾಕೆ ಬಂದೆ ಎನ್ನಲಿಲ್ಲ, ಅಬ್ಬಾ ಎನ್ನಲಿಲ್ಲ. "ಕೋಟು ಕೊಡಿ," ಎಂದರು, ಕಳೆದ ವರ್ಷವೂ ಬಂದಿದ್ದೆನೇನೋ ಎಂಬಂತೆ.

ನಡುಮನೆಯಲ್ಲಿ ಹತ್ತು ಹನ್ನೆರಡು ಮಂದಿ. ಗೋಡೆಯ ಮೇಲೆ ಸಂತನ ಪಟ, ಅದರ ಕೆಳಗೆ ಉರಿಯುವ ಉದ್ದ ಮೇಣದಬತ್ತಿ, ಹೂವಿನ ಚಿತ್ತಾರದ ದುಂಡು ರೊಟ್ಟಿ. ಆ ದಿನ ಮನೆಯ ಯಜಮಾನ ಕೂರುವ ಹಾಗಿಲ್ಲ, ನಿಂತೇ ಉಪಚರಿಸಬೇಕು. ಸೃಜನ್ ಮೇಜಿನ ಪಕ್ಕ ನಿಂತಿದ್ದ. ಅರ್ಧಕ್ಕೆ ಅರ್ಧ ಇಳಿದುಹೋಗಿದ್ದ. ಕೊರಳಿಗೆ ನೀಲಿ ವಸ್ತ್ರ ಸುತ್ತಿದ್ದ.

"ಸ್ರೆಚ್ನ ಸ್ಲಾವ, ಸೃಜನೆ," ಎಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ತೋರುಬೆರಳೆತ್ತಿ ಗಾಳಿಯಲ್ಲಿ ಚುಟುಕಾಗಿ ಕೆಳಗೆ ಎಳೆದ, ಸ್ಟಿಯರಿಂಗ್ ಮೇಲೆ ಎಳೆಯುತ್ತಿದ್ದ ಹಾಗೆಯೇ. ಸ್ರೆ ಸಾಲದು ಎಂದು ಅರ್ಥ. ಇನ್ನೊಮ್ಮೆ ಹೇಳಿದೆ. ತಲೆಯಾಡಿಸಿದ. ಅಂಗಿಯ ಜೇಬಿನಿಂದ ಪೆನ್ ಟಾರ್ಚಿನಂಥ ಒಂದು ಯಂತ್ರ ತೆಗೆದು ದವಡೆಯ ಕೆಳಗೆ ಒತ್ತಿಕೊಂಡ. "ಹ್ವಾಲ," ಎಂಬ ಶಬ್ದ ಬಂತು. ಧನ್ಯವಾದ ಎಂದು ಅರ್ಥ. ದುಂಬಿ ಗುಂಯ್‌ಗುಟ್ಟಿದ ಹಾಗೆ, ಮೊದಲಿನಿಂದ ಕೊನೆಯವರೆಗೆ ಒಂದೇ ಶ್ರುತಿ. ಏರಿಲ್ಲ, ಇಳಿತವಿಲ್ಲ.

ಗಂಟಲಿನ ಆಪರೇಷನ್ ಎಂದರೆ ಧ್ವನಿಪೆಟ್ಟಿಗೆಯನ್ನೇ ತೆಗೆದದ್ದು. ಎರಡು ವರ್ಷ ಅವನು ಯಾಕೆ ಬರೀ ಮೆಸೇಜ್ ಕಳಿಸುತ್ತಾನೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾಲ್ಕು ರಾಗವನ್ನು ನನಗೆ ಕಲಿಸಲು ಹೊರಟವನ ಬಾಯಲ್ಲಿ ಈಗ ಒಂದೂ ಉಳಿದಿರಲಿಲ್ಲ. ಹತ್ತು ಜನ ಅಪರಿಚಿತರೆದುರು ನಾನು ಅತ್ತುಬಿಟ್ಟೆ. ಅವನು ಬೆನ್ನು ತಟ್ಟಿ ಒಂದು ಬಟ್ಟಲಿನ ಕಡೆ ತಿರುಗಿಸಿದ. ಬೇಯಿಸಿದ ಗೋಧಿಗೆ ಸಕ್ಕರೆ, ಆಕ್ರೋಟು ಕಲಸಿದ್ದು. ಬಂದವರು ಮೊದಲು ಅದನ್ನು ಒಂದು ಚಮಚ ತಿಂದು, ಚಮಚವನ್ನು ನೀರಿನ ಲೋಟಕ್ಕೆ ಹಾಕಬೇಕು. ನಾನೂ ತಿಂದು ಚಮಚವನ್ನು ಲೋಟಕ್ಕೆ ಹಾಕಿದೆ.

ಊಟಕ್ಕೆ ಕೂರಿಸಿ ವೆಸ್ನ ಅಡುಗೆಮನೆಯಿಂದ ಮುಚ್ಚಿಟ್ಟಿದ್ದ ಒಂದು ತಟ್ಟೆ ತಂದರು. ಓವನ್ನಿನಲ್ಲಿ ಬೇಯಿಸಿದ ಬಿಳಿ ಕಾಳು, ಆಲೂಗಡ್ಡೆ, ಹುಳಿ ಹಾಕಿದ ಕೆಂಪು ದಪ್ಪಮೆಣಸಿನಕಾಯಿ, ಆಕ್ರೋಟಿನ ಸಿಹಿ. ನೋಡಿದ ಕೂಡಲೇ ಗುರುತು ಹತ್ತಿತು.

"ಇದು ನಿಮ್ಮದು," ಎಂದರು. "ಬೆಳಿಗ್ಗೆ ಮೀನು ಮುಟ್ಟುವುದಕ್ಕೆ ಮುಂಚೆ ಅವನೇ ಎತ್ತಿಡುತ್ತಾನೆ. ಪ್ರತಿ ವರ್ಷ. ಎಲ್ಲರೂ ಹೋದ ಮೇಲೆ ಡಬ್ಬಿಗೆ ಹಾಕಿಕೊಳ್ಳುತ್ತಿದ್ದ, ಬೆಳಿಗ್ಗೆ ನಿಮಗೆ ತರುತ್ತಿದ್ದನಲ್ಲ."

ಉಳಿದದ್ದು ಎಂದು ನಾನು ಪ್ಯಾಂಟ್ರಿಯಲ್ಲಿ ಇಟ್ಟು ಬಂದದ್ದು ನನ್ನ ಎಲೆಯ ಊಟವನ್ನು.

ಅವನು ಪಕ್ಕದಲ್ಲಿ ನಿಂತು ನೀರು ಬಗ್ಗಿಸಿದ. "ಒಂದು ಮಾತು ಬಾ ಅನ್ನಬಾರದಿತ್ತಾ?" ಎಂದೆ, ತಪ್ಪು ನನ್ನದೇ ಎಂದು ಗೊತ್ತಿದ್ದೂ. ಯಂತ್ರವನ್ನು ದವಡೆಗೆ ಒತ್ತಿಕೊಂಡು ಹೇಳಿದ: "ಹೇಳಿದ್ದೆ. ತಾರೀಕು."

ಗಣೇಶನ ಹಬ್ಬದ ದಿನದ್ದು ಎತ್ತಿದೆ. ಅವತ್ತು ಬಾಗಿಲಲ್ಲಿ ನಾನು ನಡೆದುಕೊಂಡದ್ದು ಸರಿಯಲ್ಲ, ಕ್ಷಮಿಸು ಎಂದು ಪೂರ್ತಿ ಹೇಳುವ ಮುಂಚೆಯೇ ಕೈಬೀಸಿ ನಿಲ್ಲಿಸಿದ. ಮತ್ತೆ ಯಂತ್ರ ಗುಂಯ್‌ಗುಟ್ಟಿತು: "ಆ ಹೂವಿನ ಗಿಡ ಬದುಕಿತಾ?"

ಕುಂಡವನ್ನು ಗರಾಜಿನಲ್ಲಿ ಇಟ್ಟು ಮರೆತಿದ್ದೆ. ಹ್ಯಾಲೋವೀನ್ ಹೊತ್ತಿಗೆ ಕಸದ ಬುಟ್ಟಿ ಸೇರಿತ್ತು. "ಹೂಂ," ಎಂದೆ. "ಪ್ರತಿ ವರ್ಷ ಹೂ ಬಿಡತ್ತೆ." ದೇವರ ಪಟದ ಕೆಳಗೆ ಕೂತು, ಅವನ ಅನ್ನ ತಿನ್ನುತ್ತ, ಕ್ಷಮೆ ಕೇಳಲು ಬಂದವನು ಸುಳ್ಳು ಹೇಳಿದೆ. ಅವನ ಮುಖ ಅರಳಿತು. ಆಮೇಲೆ ನಿಜ ಹೇಳುವ ಧೈರ್ಯ ಬರಲಿಲ್ಲ.

ಮೂರೂವರೆಗೆ ಎದ್ದೆ. ಎಳ್ಳುಂಡೆ ಆಗಲೇ ಖಾಲಿಯಾಗಿತ್ತು. ವೆಸ್ನ ಹಳೆಯ ಬಗೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪದ್ಮಳಿಗೆಂದು ಊಟ ತುಂಬಿದರು. ಕೋಟು ಕೊಡುವಾಗ ತಗ್ಗಿದ ದನಿಯಲ್ಲಿ, ಮಾರ್ಚಿಯಲ್ಲಿ ಮತ್ತೆ ಸ್ಕ್ಯಾನ್ ಇದೆ, ಶ್ವಾಸಕೋಶದಲ್ಲಿ ಏನೋ ಕಂಡಿದೆಯಂತೆ ಎಂದರು. ನಂತರ ಕೇಳಿದರು: "ನಿಮ್ಮ ಫೋನಿನಲ್ಲಿ ಅವನ ಹಳೆಯ ವಾಯ್ಸ್‌ಮೇಲ್ ಏನಾದರೂ ಇದೆಯಾ? ಎಲ್ಲರನ್ನೂ ಕೇಳುತ್ತಿದ್ದೇನೆ." ನೋಡಿ ಹೇಳುತ್ತೇನೆ ಎಂದೆ.

ಸೃಜನ್ ಮೆಟ್ಟಿಲವರೆಗೆ ಬಂದ. ಮಳೆ ನಿಂತು ಗಾಳಿ ಉಳಿದಿತ್ತು. ನಾನು ಬೀದಿಗಿಳಿದು ತಿರುಗಿ ನೋಡಿದಾಗ ಅವನು ಯಂತ್ರವನ್ನು ದವಡೆಗೆ ಹಿಡಿದಿದ್ದ. "ಮುರಳಿ," ಎಂದ. ದನಿ ಅವನದಲ್ಲ. ಳಕಾರ ಮಾತ್ರ ಅವನದೇ, ನಾಲಿಗೆ ಪೂರ್ತಿ ಮಡಿಸಿ ಹೇಳಿದ್ದು, ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ನಾನು ಕೈ ಎತ್ತಿದೆ. ಮತ್ತೆ ಬಾ ಎಂದು ಅವನು ಹೇಳಲಿಲ್ಲ.

ಹಿಂದಿರುಗುವಾಗ ಎಂ ರೈಲಿನಲ್ಲಿ ಫೋನಿನ ವಾಯ್ಸ್‌ಮೇಲ್‌ಗಳನ್ನು ಹುಡುಕಿದೆ. ವಾರಕ್ಕೊಂದಾದರೂ ಬಿಡುತ್ತಿದ್ದ: ಐದು ನಿಮಿಷ ತಡ, ಹಿಮ ಬಿದ್ದಿದೆ, ನಿನ್ನ ಛತ್ರಿ ನನ್ನ ಕಾರಿನಲ್ಲಿದೆ. ಹಲ್ಲಿನ ಡಾಕ್ಟರ ಆಫೀಸಿನದು ಇತ್ತು, ಇನ್ಶೂರೆನ್ಸಿನವರದು ನಾಲ್ಕಿತ್ತು. ಅವನದನ್ನು ಮಾತ್ರ ಕೇಳಿದ ಕೂಡಲೇ ಅಳಿಸುತ್ತ ಬಂದಿದ್ದೆ. ಇಲ್ಲ ಎಂದು ವೆಸ್ನಗೆ ಬರೆಯಲು ಪೆನ್ ಸ್ಟೇಷನ್ನಿನವರೆಗೂ ಆಗಲಿಲ್ಲ.

ಐದೂಕಾಲಿನ ರೈಲಿನಲ್ಲಿ ನಿಂತೇ ಬಂದೆ. ಮನೆಗೆ ಬಂದು, ಅಡುಗೆಕಟ್ಟೆಯ ಮುಂದೆ ನಿಂತುಕೊಂಡೇ ಇಬ್ಬರೂ ಡಬ್ಬಿಯನ್ನು ಖಾಲಿ ಮಾಡಿದೆವು. ಕಾಳು ಮೆತ್ತಗೆ ಬೆಂದಿತ್ತು, ಸ್ವಲ್ಪ ಹೊಗೆಯ ವಾಸನೆಯ ಮೆಣಸಿನಪುಡಿ ಹಾಕಿದ್ದರು. "ಎಷ್ಟು ಚೆನ್ನಾಗಿದೆ ರೀ," ಎಂದಳು ಪದ್ಮ. "ಇಷ್ಟು ವರ್ಷ ಯಾಕೆ ಒಂದ್ ದಿನಾನೂ ತಂದಿರ್ಲಿಲ್ಲ?" ನಾನು ಖಾಲಿ ಡಬ್ಬಿಯನ್ನು ಸಿಂಕಿಗೆ ಹಾಕಿ ನಲ್ಲಿ ತಿರುಗಿಸಿದೆ. ಅವಳು ಬೆರಳು ನೆಕ್ಕಿಕೊಂಡು ಕೇಳಿದಳು: "ಬರೋ ವರ್ಷವೂ ಬನ್ನಿ ಅಂದ್ರಾ?"

"ಅನ್ನಲಿಲ್ಲ," ಎಂದೆ. "ತಾರೀಕು ಗೊತ್ತಲ್ಲ."

ಅವಳು ಫ್ರಿಜ್ ಪಕ್ಕದಲ್ಲಿ ತೂಗುಹಾಕಿದ್ದ ಹೊಸ ವರ್ಷದ ಕ್ಯಾಲೆಂಡರಿಗೆ ಪೆನ್ನು ಹಿಡಿದು ಹೋದಳು. "ಇವತ್ತು ಶುಕ್ರವಾರ ಅಂದ್ರೆ ಬರೋ ವರ್ಷ ಶನಿವಾರ ಬರತ್ತೆ. ನಾನೂ ಬರ್ತೀನಿ," ಎಂದಳು. ಜನವರಿ, ಫೆಬ್ರವರಿ, ಮಾರ್ಚಿ, ಒಂದೊಂದೇ ಹಾಳೆಯನ್ನು ಬೇಗ ಬೇಗ ಮಗುಚುತ್ತ ಹೋದಳು. ಸ್ಕ್ಯಾನಿನ ವಿಷಯ ಅವಳಿಗೆ ನಾನಿನ್ನೂ ಹೇಳಿರಲಿಲ್ಲ.